ಕೊಕ್ಕೆಯಿಲ್ಲದ ಹೊಳೆ

ಬೆಳಿಗ್ಗೆ ಏಳಕ್ಕೆ ಬಂದು ಮೊದಲು ನೀರು ಬದಲಿಸುತ್ತೇನೆ.
ಬಕೆಟ್ಟಿನಲ್ಲಿ ಕರುಳಿನಂತೆ ಮಲಗಿದ ಪೊರೆಚೀಲಗಳು,
ಒಳಗೆ ತಿಳಿಮಜ್ಜಿಗೆಯಂಥ ಬಿಳುಪು.
ಮೊನ್ನೆವರೆಗೂ ಅದು ಸ್ಪ್ರೂಸ್ ಮರ.
ಗಂಧಕಾಮ್ಲದಲ್ಲಿ ಮುಕ್ಕಾಲು ಗಂಟೆ:
ಸಡಿಲವಾಗಿದ್ದದ್ದು ಕರಗಿ ಹೋಯಿತು,
ಬಿಗಿಯಾಗಿ ಹೆಣೆದದ್ದು ಉಳಿಯಿತು
ಕಡ್ಡಿ ಕಡ್ಡಿಯಾಗಿ,
ಒಂದು ಕೂದಲಿನ ದಪ್ಪದೊಳಗೆ
ಹತ್ತು ಸಾವಿರ ಪಕ್ಕಪಕ್ಕ ನಿಲ್ಲುವಷ್ಟು ಸಣ್ಣಗೆ.

ಹುಳಿ ಪೂರ್ತಿ ಹೋಗುವ ತನಕ ತೊಳೆಯಬೇಕು,
ಭಾನುವಾರವೂ.
ಔಲು ಪಟ್ಟಣದ ಜನವರಿಯಲ್ಲಿ
ಭಾನುವಾರಕ್ಕೆಂದು ಬೇರೆ ಬೆಳಕೇನೂ ಇಲ್ಲ.

ಅಪ್ಪ ಯಲ್ಮಾರಿ ಕೆಮಿ ನದಿಯಲ್ಲಿ ದಿಮ್ಮಿ ತೇಲಿಸುತ್ತಿದ್ದ.
ತಿರುವಿನಲ್ಲಿ ಒಂದು ಅಡ್ಡ ಬಿದ್ದರೆ ಸಾಕು,
ಹಿಂದಿನವೆಲ್ಲ ಅದರ ಮೇಲೆ ಹತ್ತಿ
ಹೊಳೆಗೇ ಬೇಲಿ.
ಅವನು ಉದ್ದನೆಯ ಕೊಕ್ಕೆಗೋಲು ಹಿಡಿದು
ಉರುಳುವ ದಿಮ್ಮಿಯ ಮೇಲೆ ನಿಂತು
ಬೈಯುತ್ತ, ಚುಚ್ಚುತ್ತ, ಎಳೆಯುತ್ತ
ಒಂದೊಂದನ್ನೂ ದಾರಿಗೆ ತರುತ್ತಿದ್ದ.
"ಮರಕ್ಕೆಲ್ಲಿಯ ಬುದ್ಧಿ," ಅನ್ನುತ್ತಿದ್ದ
ಸಂಜೆ ಒದ್ದೆ ಕಾಲುಚೀಲ ಹಿಂಡುತ್ತ,
"ಬುದ್ಧಿ ಇರುವುದು ಕೊಕ್ಕೆಯ ತುದಿಗೆ."

ಪಿಹ್ಲಾ (ಸಂಶೋಧನೆ ಅವಳದು, ತೊಳೆಯುವುದು ನನ್ನದು)
ಗುರುವಾರ ಕರೆದಳು: ಬಾ ಇಲ್ಲಿ, ನೋಡು.
ನೀರು ಆರುತ್ತ ಆರುತ್ತ
ಕಡ್ಡಿಗಳಿಗೆ ಜಾಗ ಸಾಲದೆ ಬರುತ್ತದೆ.
ಆಮ್ಲ ಪ್ರತಿಯೊಂದರ ಮೈಗೂ
ಒಂದೇ ಬಗೆಯ ವಿದ್ಯುತ್ತು ಬಳಿದು ಹೋಗಿದೆ,
ಹತ್ತಿರ ಸೇರಿಸವು ಒಂದನ್ನೊಂದು.
ಮುನಿಸಿಕೊಂಡ ಅಕ್ಕತಂಗಿಯರು
ಒಂದೇ ಮಂಚದಲ್ಲಿ ಮಲಗಿದ ಹಾಗೆ:
ತಗಲಬಾರದೆಂದರೆ ನೆಟ್ಟಗೆ ಮಲಗಬೇಕು.
ನೆಟ್ಟಗೆ ಮಲಗುತ್ತವೆ.

ಸೂಕ್ಷ್ಮದರ್ಶಕದ ಕತ್ತಲಲ್ಲಿ
ನೀರೊಳಗೇ ಹನಿಗಳು ಹುಟ್ಟಿದವು,
ಬಾರ್ಲಿ ಕಾಳಿನ ಆಕಾರ, ಮೈತುಂಬ ಗೆರೆ.
ಎರಡು ಬಳಿ ಬಂದವು, ತಡೆದವು,
ಗೆರೆಗೆ ಗೆರೆ ಹೊಂದಿಸಿಕೊಂಡು ಒಂದಾದವು,
ಭಾರಕ್ಕೆ ಮೆಲ್ಲಗೆ ಕೆಳಗಿಳಿದವು.
ಪದರದ ಮೇಲೆ ಪದರ, ಪ್ರತಿ ಪದರವೂ
ಕೆಳಗಿನದಕ್ಕಿಂತ ತುಸು ತಿರುಗಿ
ಎಡಕ್ಕೆ ಸುತ್ತುವ ಸುರುಳಿ ಮೆಟ್ಟಿಲು.
ಎಡಕ್ಕೇ ಯಾಕೆ? ಕೇಳಿದೆ.
ಕಡ್ಡಿಯ ಮೈಯೇ ತಿರುಚಿದೆ, ಅಂದಳು ಪಿಹ್ಲಾ,
ಅಲ್ಲಿಂದ ಇಲ್ಲಿಗೆ ಆ ತಿರುವು ಹೇಗೆ ಬಂತೆಂದು
ದೊಡ್ಡವರ ಜಗಳ ಇನ್ನೂ ಮುಗಿದಿಲ್ಲ.

ಅಪ್ಪನ ಕಾಲದಲ್ಲಿ ದಿಮ್ಮಿಯ ತುದಿಗೆ
ಸುತ್ತಿಗೆಯಿಂದ ಕಂಪನಿಯ ಗುರುತು ಹೊಡೆಯುತ್ತಿದ್ದರು,
ಹೊಳೆ ಮುಗಿದಲ್ಲಿ ಯಾವುದು ಯಾರದೆಂದು ತಿಳಿಯಲಿಕ್ಕೆ.
ಇದು ಯಾರ ಸುತ್ತಿಗೆ?

ಮಧ್ಯಾಹ್ನ ಎಣ್ಣೆಯ ಸರದಿ.
ಎಣ್ಣೆ ನೀರು ಸಂಧಿಸುವ ಅಂಚಿಗೆ
ಕಡ್ಡಿಗಳು ಸುಲಭಕ್ಕೆ ಬರುವುದಿಲ್ಲ, ಅಂಚೇ ದೂಡುತ್ತದೆ.
ಒಂದು ಚಿಟಿಕೆ ಉಪ್ಪು ಹಾಕಿದೆ.
ಉಪ್ಪಿನ ಋಣವೋ ಏನೋ, ಮುನಿಸು ತಣಿಯಿತು;
ಬಂದವು, ಅಂಚಿಗೆ ಒರಗಿ ಮಲಗಿದವು,
ಪ್ರತಿ ಎಣ್ಣೆಹನಿಗೂ ಒಂದು ದಡ ಕಟ್ಟಿಕೊಟ್ಟವು.
ಕುಲುಕಿದ ಸೀಸೆ ಹಾಲಾಗಿ ನಿಂತಿತು,
ಸೋಮವಾರಕ್ಕೂ ಒಡೆದಿರಲಿಲ್ಲ.
ಉಪ್ಪು ಹೆಚ್ಚಾದರೆ?
ಅದನ್ನೂ ಮಾಡಿ ನೋಡಿದ್ದಾಯಿತು, ನನ್ನ ಕೈ ತಪ್ಪಿ:
ಮುದ್ದೆ. ತಿರುವಿನಲ್ಲಿ ಸಿಕ್ಕ ದಿಮ್ಮಿರಾಶಿ.
ಅದಕ್ಕೆ ಯಾವ ಕೊಕ್ಕೆಯೂ ಎಟಕುವುದಿಲ್ಲ.

ಇವತ್ತು ಕಿಟಕಿಯ ಬಳಿ
ನಾನೇ ಮರೆತಿಟ್ಟ ಗಾಜಿನ ತಟ್ಟೆ ಒಣಗಿತ್ತು.
ಬಣ್ಣ ಹಾಕಿದವರಿಲ್ಲ.
ನಡುವೆ ಹಸಿರು, ಅಂಚಿಗೆ ತಾಮ್ರ,
ಓರೆ ಮಾಡಿದರೆ ನೀಲಿ.
ಯಾರೂ ಚುಚ್ಚಲಿಲ್ಲ, ಎಳೆಯಲಿಲ್ಲ, ಬೈಯಲಿಲ್ಲ.
ತೋರಿಸಿದ್ದರೆ ಅಪ್ಪ
ಇದಕ್ಕೂ ಒಂದು ಕೊಕ್ಕೆ ಹಾಕದೆ ಬಿಡುತ್ತಿರಲಿಲ್ಲ:
ಇದನ್ನು ಯಾವ ಗಿರಣಿ ಕೊಳ್ಳುತ್ತದೆ?

ತೊಳೆಯುವ ಮುಂಚೆ
ತಟ್ಟೆಯ ಮೇಲೆ ಉಸಿರು ಬಿಟ್ಟೆ.
ಆವಿಗೆ ಮೆಟ್ಟಿಲು ಸಡಿಲಾಯಿತೇನೋ,
ಹಸಿರು ಕೆಂಪಿಗೆ ಹೊರಳಿತು,
ಮತ್ತೆ ನಿಧಾನಕ್ಕೆ ಹಸಿರು.

ಇನ್ನೊಂದು ಸಲ ಊದಿದೆ.
ತೊಳೆಯಲಿಲ್ಲ.